ಸೈನ್ಯದ ಹಳೆಯ ಡೈವಿಂಗ್ ವಾಚು: ಕೊಳ್ಳುವ ಮುಂಚೆ ಏನು ನೋಡಬೇಕು, ಮೂಲ ಹೇಗೆ ಹುಡುಕಬೇಕು

ನೌಕಾಪಡೆಯ ಮುಳುಗುಗಾರರು ಕಟ್ಟಿಕೊಂಡಿದ್ದ ವಾಚು ಕೊಳ್ಳಬೇಕು ಅಂತ ಆಸೆ ಬಂದವರು ಮೊದಲು ನೋಡುವುದು ಅದರ ಹಿಂಬದಿ ಮುಚ್ಚಳವನ್ನು. ಅಲ್ಲಿ ನಂಬರ್ ಕೆತ್ತಿದ್ದರೆ ಅಸಲಿ, ಇಲ್ಲದಿದ್ದರೆ ಅಲ್ಲ ಅಂತ ಲೆಕ್ಕ. ಮಾರುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಅದೇ ಮಾಡೆಲ್, ಅದೇ ವರ್ಷದ ವಾಚು ಅಂಗಡಿಯಲ್ಲಿ ಮಾರಿದ್ದಾದರೆ ಒಂದು ಬೆಲೆ, ಸೈನ್ಯದ ಗುರುತು ಇದ್ದರೆ ಅದರ ಎಷ್ಟೋ ಪಟ್ಟು ಬೆಲೆ. ಒಂದು ಮುಚ್ಚಳದ ಮೇಲೆ ನಾಲ್ಕು ಸಾಲು ಕೆತ್ತೋದಕ್ಕೆ ಅರ್ಧ ಗಂಟೆಯೂ ಬೇಡ.

ಅದಕ್ಕೇ ನಾನು ಹೊಸಬರಿಗೆ ಹೇಳುವುದು ಇಷ್ಟು. ಕೆತ್ತನೆ ಒಂದು ಹೇಳಿಕೆ ಮಾತ್ರ. ಡಯಲ್, ಮುಳ್ಳು, ಬೆಲ್ಟ್ ಹಾಕುವ ಕಂಬಿ, ಒಳಗಿನ ಯಂತ್ರ, ಹೊಳೆಯುವ ಬಣ್ಣ, ಕೊನೆಗೆ ಕಾಗದ ಪತ್ರ, ಇವೆಲ್ಲ ಸೇರಿ ಅದೇ ಮಾತನ್ನು ಹೇಳಿದರೆ ನಂಬಿ. ಒಂದೇ ಒಂದು ಬೇರೆ ಮಾತಾಡಿದರೂ ಯಾಕೆ ಅಂತ ಕೇಳಿ. ಈ ಕೇಳುವ ಕೆಲಸ ಇಷ್ಟವಾಗದಿದ್ದರೆ ಈ ಹವ್ಯಾಸ ನಿಮಗೆ ಒಗ್ಗುವುದಿಲ್ಲ. ಇಷ್ಟವಾದರೆ ವಾಚು ಕೊಳ್ಳದೆ ಸುಮ್ನೆ ಓದುತ್ತಾ ಹುಡುಕುತ್ತಾ ವರ್ಷಗಟ್ಟಲೆ ಕಳೆಯಬಹುದು, ಅದರಲ್ಲೂ ಅಷ್ಟೇ ಖುಷಿ ಇದೆ.

ಮೊದಲು ಸ್ವಲ್ಪ ಇತಿಹಾಸ

ಮುಳುಗುಗಾರನಿಗೆ ವಾಚು ಅಲಂಕಾರದ ವಸ್ತುವಲ್ಲ. ಸಿಲಿಂಡರಿನ ಗಾಳಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇದ್ದೆ, ಮೇಲೆ ಬರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲವೂ ನಿಮಿಷದ ಮುಳ್ಳಿನ ಮೇಲೆ ನಿಂತಿದೆ. ಸೈನ್ಯದ ಮುಳುಗುಗಾರ ಇಳಿಯುವುದು ಹೆಚ್ಚಾಗಿ ರಾತ್ರಿ, ಕೆಸರು ನೀರಿನಲ್ಲಿ. ಆದ್ದರಿಂದ ಕತ್ತಲಲ್ಲಿ ಹೊಳೆಯಬೇಕು, ನೀರು ಒಳಗೆ ಹೋಗಬಾರದು, ಬೆಲ್ಟ್ ಕಳಚಬಾರದು. ಈ ಮೂರನ್ನು ತಲೆಯಲ್ಲಿಟ್ಟುಕೊಂಡರೆ ಸೈನ್ಯದ ವಾಚು ನೋಡಲು ಹಾಗೆ ಯಾಕಿದೆ ಅನ್ನೋದು ತಾನಾಗಿ ತಿಳಿಯುತ್ತದೆ.

ಇಟಲಿಯ ನೌಕಾಪಡೆ ಈ ದಾರಿಯಲ್ಲಿ ಮುಂದಿತ್ತು. ಫ್ಲಾರೆನ್ಸ್‌ನ ಪನೇರಾಯ್ 1936ರಲ್ಲಿ ಮಾದರಿ ವಾಚುಗಳನ್ನು ತಯಾರಿಸಿತು. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಎಂಬ ವಿಕಿರಣ ವಸ್ತು ಹಚ್ಚಿದ ದೊಡ್ಡ ಅಂಕಿಗಳ ಈ ವಾಚಿಗೆ ರೇಡಿಯೋಮಿರ್ ಎಂದು ಹೆಸರು. ಅದರ ಆರಂಭದ ಕೇಸು, ಯಂತ್ರ ಎಲ್ಲ ರೋಲೆಕ್ಸ್‌ನಿಂದ ಬರುತ್ತಿದ್ದವು. 1941ರ ಡಿಸೆಂಬರ್ 19ರಂದು ಇಟಲಿಯ ಆರು ಜನ ಮುಳುಗುಗಾರರು ಮೂರು ಸವಾರಿ ಟಾರ್ಪಿಡೊಗಳ ಮೇಲೆ ಕೂತು ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ, ಕ್ವೀನ್ ಎಲಿಜಬೆತ್ ಮತ್ತು ವ್ಯಾಲಿಯಂಟ್ ಎಂಬ ಎರಡು ಬ್ರಿಟಿಷ್ ಯುದ್ಧನೌಕೆಗಳ ತಳ ಒಡೆದರು. ಆ ಪಡೆ ಬಳಸುತ್ತಿದ್ದದ್ದು ಪನೇರಾಯ್ ವಾಚು.

ಯುದ್ಧ ಮುಗಿದ ಮೇಲೆ ಫ್ರಾನ್ಸ್‌ನ ಸರದಿ. ಕ್ಯಾಪ್ಟನ್ ರಾಬರ್ಟ್ ಮಾಲುಬಿಯೆ ಮತ್ತು ಲೆಫ್ಟಿನೆಂಟ್ ಕ್ಲೋದ್ ರಿಫೋ ತಮ್ಮ ಕಾದಾಟದ ಈಜುಗಾರರ ಪಡೆಗೆ ವಾಚು ಹುಡುಕುತ್ತಿದ್ದರು. ಬ್ಲಾಂಪಾಂ ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ತಾನೇ ಮುಳುಗುವ ಹವ್ಯಾಸದವನು. 1953ರಲ್ಲಿ ಬಂದ ಫಿಫ್ಟಿ ಫ್ಯಾದಮ್ಸ್ ಹುಟ್ಟಿದ್ದು ಹೀಗೆ. ಐವತ್ತು ಫ್ಯಾದಮ್ ಅಂದರೆ ಸುಮಾರು 91 ಮೀಟರ್. ಡಯಲ್ ಸುತ್ತಲಿನ ತಿರುಗುವ ಉಂಗುರವನ್ನು, ಅಂದರೆ ಬೆಜೆಲನ್ನು, ಅದುಮಿ ಹಿಡಿದರೆ ಮಾತ್ರ ತಿರುಗುವ ಹಾಗೆ ಮಾಡಿದ್ದರು. ಇಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟರೆ ಎಷ್ಟು ಹೊತ್ತು ಕಳೆಯಿತು ಅನ್ನೋದು ಕಣ್ಣಿಗೇ ಕಾಣುತ್ತದೆ. ಕೈ ಎಲ್ಲೋ ತಗುಲಿ ಆ ಉಂಗುರ ತಿರುಗಿಬಿಟ್ಟರೆ ಜೀವಕ್ಕೇ ಅಪಾಯ, ಅಲ್ವಾ?

ಬ್ರಿಟನ್ ರೋಲೆಕ್ಸ್, ಒಮೆಗಾ, ಆಮೇಲೆ ಸಿಡಬ್ಲ್ಯುಸಿ ಎಂಬ ಬ್ರಿಟಿಷ್ ಕಂಪನಿಯ ವಾಚು ಕೊಂಡಿತು. ಫ್ರಾನ್ಸ್ ಟ್ಯೂಡರ್ ಕಡೆ ಹೊರಳಿತು. ಅಮೆರಿಕದ ನೌಕಾಪಡೆಗೆ ಬ್ಲಾಂಪಾಂ ಬೇಕಿತ್ತು, ಆದರೆ ಸ್ವದೇಶಿ ಸರಕನ್ನೇ ಕೊಳ್ಳಬೇಕೆಂಬ ಕಾನೂನು ಅಡ್ಡ ಬಂತು. ಅಲ್ಲಿನ ಆಮದುದಾರ ಅಲೆನ್ ಟಾರ್ನೆಕ್ ತನ್ನ ಹೆಸರನ್ನೇ ಸೇರಿಸಿ ಟಾರ್ನೆಕ್-ರೇವಿಲ್ ಟಿಆರ್-900 ಎಂಬ ವಾಚನ್ನು 1960ರ ದಶಕದಲ್ಲಿ ಒದಗಿಸಿದ. ಅದರ ಹಿಂಬದಿಯಲ್ಲೇ 'ಅಪಾಯ, ವಿಕಿರಣ ವಸ್ತು, ಸಿಕ್ಕಿದರೆ ಹತ್ತಿರದ ಸೈನಿಕ ನೆಲೆಗೆ ಒಪ್ಪಿಸಿ' ಎಂಬರ್ಥದ ಎಚ್ಚರಿಕೆ ಇದೆ. ಬಳಕೆ ಮುಗಿದ ಮೇಲೆ ಸೈನ್ಯವೇ ಹೆಚ್ಚಿನವನ್ನು ನಾಶ ಮಾಡಿತು. ಅದಕ್ಕೇ ಇವತ್ತು ಅಷ್ಟು ಅಪರೂಪ.

ಸೈನ್ಯ ಕೊಟ್ಟದ್ದೋ, ಸೈನಿಕ ಕೊಂಡದ್ದೋ

ಈ ವ್ಯತ್ಯಾಸ ಮೊದಲೇ ತಿಳಿದಿರಲಿ. ಸರ್ಕಾರದ ಹಣದಲ್ಲಿ ಕೊಂಡು, ಉಗ್ರಾಣದ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡು ಕೊಟ್ಟ ವಾಚು ಒಂದು ಬಗೆ. ಸೈನಿಕ ತನ್ನ ಸಂಬಳದಲ್ಲಿ ಕೊಂಡದ್ದು ಇನ್ನೊಂದು. ಸೀಕೋ 6105 ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಇದನ್ನು ತಮ್ಮ ಸೈನಿಕ ಅಂಗಡಿಗಳಲ್ಲಿ ಕೊಂಡು ಕಟ್ಟಿಕೊಂಡರು. ಅದಕ್ಕೆ ಸರ್ಕಾರದ ನಂಬರ್ ಇರುವುದಿಲ್ಲ. ಇದೆ ಅಂತ ಯಾರಾದರೂ ತೋರಿಸಿದರೆ ಅಲ್ಲೇ ನಿಲ್ಲಿ. ಸೀಕೋ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಷ್ಟು ತಿಳಿದರೆ ವಾಚು ಯಾವಾಗಿನದು ಅಂತ ನೀವೇ ಹೇಳಬಹುದು. ಅದರ ಜೊತೆ ಒಬ್ಬ ಸೈನಿಕನ ಫೋಟೊ, ಪತ್ರ ಇದ್ದರೆ ನನ್ನ ಕಣ್ಣಿಗೆ ಅದು ಯಾವ ಸರ್ಕಾರಿ ವಾಚಿಗೂ ಕಡಿಮೆಯಲ್ಲ.

ರಷ್ಯದ ವಾಚುಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ಡಯಲ್ ಮೇಲೆ ರಷ್ಯನ್ ಲಿಪಿಯಲ್ಲಿ 'ಸೋವಿಯತ್ ರಕ್ಷಣಾ ಇಲಾಖೆಯ ಆರ್ಡರ್' ಎಂದಿರುವ ವಸ್ತೋಕ್ ವಾಚುಗಳು ಬೇಕಾದಷ್ಟಿವೆ. ಸೈನ್ಯದ ಅಂಗಡಿಗಳಲ್ಲಿ ಮಾರುತ್ತಿದ್ದ ವಾಚಿಗೂ ಆ ಬರಹ ಇತ್ತು. ಅದನ್ನು ನೋಡಿ ಯಾವುದೋ ಸಬ್‌ಮರೀನಿನವನ ವಾಚು ಅಂದುಕೊಳ್ಳಬೇಡಿ. ಆದರೆ ಕಲಿಯುವವರಿಗೆ ವಸ್ತೋಕ್ ಅಂಫಿಬಿಯಾದಂಥ ಮೇಷ್ಟ್ರು ಇಲ್ಲ. 1967ರಲ್ಲಿ ಚಿಸ್ತೊಪೋಲ್ ಕಾರ್ಖಾನೆಯಲ್ಲಿ ಮಿಖಾಯಿಲ್ ನೋವಿಕೊವ್, ವೆರಾ ಬೆಲೋವಾ ಸೇರಿ ವಿನ್ಯಾಸ ಮಾಡಿದ ವಾಚಿದು. ಹಿಂಬದಿಯಲ್ಲಿ ಚಪ್ಪಟೆ ಮುಚ್ಚಳ ಬೇರೆ, ಅದನ್ನು ಬಿಗಿಯುವ ತಿರುಪು ಉಂಗುರ ಬೇರೆ. ಹಾಗಾಗಿ ಬಿಗಿಯುವಾಗ ರಬ್ಬರ್ ವಾಷರ್ ತಿರುಚಿಕೊಳ್ಳುವುದಿಲ್ಲ. ಆಳಕ್ಕೆ ಇಳಿದಂತೆ ನೀರಿನ ಒತ್ತಡವೇ ಮುಚ್ಚಳವನ್ನೂ ಅಕ್ರಿಲಿಕ್ ಗಾಜನ್ನೂ ಇನ್ನಷ್ಟು ಬಿಗಿ ಮಾಡುತ್ತದೆ. 200 ಮೀಟರ್ ತಡೆಯುವ ವಾಚನ್ನು ಕಡಿಮೆ ಖರ್ಚಿನಲ್ಲಿ ಹೀಗೆ ಮಾಡಿದರು. ಬೆಲೆಯೂ ಕೈಗೆಟುಕುವಂಥದ್ದು.

ಹಿಂಬದಿ ನಂಬರ್ ಓದುವುದು

ಬ್ರಿಟಿಷ್ ವಾಚು ಮೊದಲು ನೋಡೋಣ, ಯಾಕೆಂದರೆ ಅದರಲ್ಲೇ ಓದುವುದಕ್ಕೆ ಜಾಸ್ತಿ ಇದೆ. ಒಂದು ಒಮೆಗಾ ಸೀಮಾಸ್ಟರ್ 300 ಅಥವಾ 1970ರ ದಶಕದಲ್ಲಿ ಸೈನ್ಯಕ್ಕೆಂದೇ ಮಾಡಿದ ರೋಲೆಕ್ಸ್ ಸಬ್‌ಮರೀನರ್, ಸಂಗ್ರಾಹಕರ ಬಾಯಲ್ಲಿ ಮಿಲ್‌ಸಬ್ ಹಿಂಬದಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಮೇಲೆ 0552, ಅದರ ಜೊತೆ 923-7697, ನಡುವೆ ಬಾಣದ ಗುರುತು, ಕೆಳಗೆ ಒಂದು ನಂಬರ್, ಓರೆಗೆರೆ, ವರ್ಷದ ಎರಡು ಅಂಕಿ.

ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವ ಗುರುತು. 0552 ನೌಕಾಪಡೆಯದು. ಅದರ ಬದಲು ಡಬ್ಲ್ಯು10 ಇದ್ದರೆ ಭೂಸೇನೆಯದು. 923-7697 ಅನ್ನೋದು ಕಂಪನಿಯ ನಂಬರ್ ಅಲ್ಲ, ಈ ಬಗೆಯ ಮುಳುಗು ವಾಚಿಗೆ ಸೈನ್ಯದ ಉಗ್ರಾಣ ಕೊಟ್ಟ ನಂಬರ್. ಅದಕ್ಕೇ ಒಮೆಗಾದ ಮೇಲೂ ಅದೇ, ರೋಲೆಕ್ಸ್ ಮೇಲೂ ಅದೇ. ಉಗ್ರಾಣದವನ ಲೆಕ್ಕದಲ್ಲಿ ಎರಡೂ ಒಂದೇ ಸಾಮಾನು. ಕೊನೆಯ ಸಾಲಿನಲ್ಲಿ ಉದಾಹರಣೆಗೆ 210/75 ಅಂತಿದ್ದರೆ 210 ಆ ವಾಚಿನ ನಂಬರ್, 75 ಅಂದರೆ 1975.

ಡಬ್ಲ್ಯು10 ವಾಚುಗಳಲ್ಲಿ ಈ ನಂಬರ್ ಉದ್ದವಾಗಿ 6645-99-923-7697 ಎಂದಿರುತ್ತದೆ. ಇದು ನೇಟೊ ಸಾಮಾನು ನಂಬರ್, ಒಟ್ಟು 13 ಅಂಕಿ. ಮೊದಲ ನಾಲ್ಕು ಸಾಮಾನಿನ ಜಾತಿ. 6645 ಅಂದರೆ ಸಮಯ ಅಳೆಯುವ ಉಪಕರಣ. ಮುಂದಿನ ಎರಡು ದೇಶ: 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್, 00 ಮತ್ತು 01 ಅಮೆರಿಕ. ಉಳಿದ ಏಳು ಆ ಸಾಮಾನಿನದೇ. ಇಷ್ಟು ಗೊತ್ತಿದ್ದರೆ ಎಷ್ಟೋ ಸುಳ್ಳು ಅಲ್ಲಿಗೇ ಬಯಲಾಗುತ್ತದೆ. 12 ಇರುವ ವಾಚನ್ನು ಬ್ರಿಟಿಷ್ ಕಮಾಂಡೊ ವಾಚು ಅಂತ ಮಾರುವವರಿದ್ದಾರೆ. ಅವರಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ, ಮುಂದೆ ಹೋಗಿ.

ಜರ್ಮನಿಯ ವಾಚುಗಳಲ್ಲಿ 'ಬುಂಡ್' ಎಂದು ಬರೆದಿರುತ್ತದೆ. ಪೋರ್ಷ ಡಿಸೈನ್ ಜೊತೆ ಸೇರಿ ಐಡಬ್ಲ್ಯುಸಿ ಮಾಡಿದ ಟೈಟಾನಿಯಂ ಓಷನ್ 2000 ವಾಚಿನ ಸೈನಿಕ ಮಾದರಿಗಳಲ್ಲಿ ಒಂದನ್ನು ಅಯಸ್ಕಾಂತಕ್ಕೆ ಜಗ್ಗದ ಹಾಗೆ ಕಟ್ಟಿದ್ದರು, ಏಕೆಂದರೆ ಅದನ್ನು ಕಟ್ಟಿಕೊಳ್ಳುವವನು ಸಮುದ್ರದ ಮೈನು ನಿಷ್ಕ್ರಿಯ ಮಾಡುವವನು. ಕಬ್ಬಿಣಕ್ಕೆ ಸ್ಪಂದಿಸುವ ಮೈನಿನ ಪಕ್ಕ ಸಾಮಾನ್ಯ ವಾಚು ಒಯ್ಯುವ ಹಾಗಿಲ್ಲ. ಇಂಥ ಕಾರಣ ತಿಳಿದಾಗ ಆ ವಾಚಿನ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಗುತ್ತದೆ.

ಫ್ರೆಂಚ್ ಟ್ಯೂಡರ್ ಸಬ್‌ಮರೀನರ್ ಮೇಲೆ ಕೆತ್ತನೆ ತೀರಾ ಸರಳ. 'ಎಂ.ಎನ್.' ಮತ್ತು ವರ್ಷದ ಎರಡು ಅಂಕಿ, ಅಷ್ಟೇ. ಎಂ.ಎನ್. ಅಂದರೆ ಮರೀನ್ ನಾಸಿಯೋನಾಲ್, ಫ್ರಾನ್ಸ್‌ನ ನೌಕಾಪಡೆ. 1950ರ ದಶಕದಿಂದ 1980ರ ದಶಕದವರೆಗೆ ಟ್ಯೂಡರ್ ಅವರಿಗೆ ವಾಚು ಕೊಟ್ಟಿತು. 9401 ಎಂಬ ನೀಲಿ ಡಯಲಿನ, ಚೌಕ ತಲೆಯ ಮುಳ್ಳಿನ ಮಾದರಿ ಇದರಲ್ಲಿ ಬಲು ಹೆಸರುವಾಸಿ. ಕೆತ್ತನೆ ಇಷ್ಟು ಸರಳವಾಗಿರುವುದರಿಂದಲೇ ನಕಲು ಮಾಡುವುದೂ ಸುಲಭ. ಇಲ್ಲಿ ಕಾಗದ ಇಲ್ಲದೆ ದೊಡ್ಡ ಹಣ ಕೊಡಬೇಡಿ.

ಅಮೆರಿಕದ ಬೆನ್ರಸ್ ಟೈಪ್ 1 ಮತ್ತು ಟೈಪ್ 2 ಇನ್ನೊಂದು ರೀತಿ. ಡಯಲ್ ಮೇಲೆ ಕಂಪನಿಯ ಹೆಸರೇ ಇಲ್ಲ. ಹಿಂಬದಿಯಲ್ಲಿ ಮಿಲ್-ಡಬ್ಲ್ಯು-50717 ಎಂಬ ಸೈನಿಕ ನಿಯಮಾವಳಿಯ ನಂಬರ್, ತಯಾರಾದ ತಿಂಗಳು, ವರ್ಷ ಎಲ್ಲ ಇರುತ್ತವೆ. 1972ರಿಂದ 1980ರವರೆಗಿನ ವಾಚುಗಳು ಇವು. ಕ್ಲಾಸ್ ಎ ಅಂದರೆ ಟ್ರಿಟಿಯಂ ಎಂಬ ವಿಕಿರಣ ವಸ್ತುವಿನ ಹೊಳಪು ಇರುವುದು, ಕ್ಲಾಸ್ ಬಿ ಅಂದರೆ ಇಲ್ಲದಿರುವುದು. ಹಿಂಬದಿಯಲ್ಲಿ ಕ್ಲಾಸ್ ಬಿ ಎಂದಿದ್ದು ಡಯಲ್ ಮೇಲೆ ಹೊಳೆಯುವ ಬಣ್ಣ ಇದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ.

ವಾಚು ಕೈಗೆ ಬಂದ ಮೇಲೆ

ಒಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಸಣ್ಣ ಟಾರ್ಚು, ಒಂದು ಯುವಿ ಟಾರ್ಚು. ಇಷ್ಟಿದ್ದರೆ ಅರ್ಧ ಕೆಲಸ ಆಯಿತು. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇದ್ದರೆ ಇನ್ನೂ ಒಳ್ಳೆಯದು. ಒಮೆಗಾ ಸೀಮಾಸ್ಟರ್ 300, ನಂಬರ್ 165.024, ಬ್ರಿಟಿಷ್ ನೌಕಾಪಡೆಯದು ಎಂದು ಹೇಳಿ ಯಾರೋ ಕೈಗಿಟ್ಟರು ಅಂದುಕೊಳ್ಳಿ. ನಾನು ನೋಡುವ ಕ್ರಮ ಹೀಗೆ.

ಮೊದಲು ಹಿಂಬದಿ. ಟಾರ್ಚನ್ನು ಮೇಲಿಂದ ಹಿಡಿಯಬೇಡಿ, ಪಕ್ಕದಿಂದ ಮಲಗಿಸಿ ಹಿಡಿಯಿರಿ. ಆಗ ಪ್ರತಿ ಅಂಕಿಯ ಅಂಚೂ ನೆರಳು ಬಿಡುತ್ತದೆ. ನಾಲ್ಕೈದು ದಶಕ ಉಜ್ಜಾಡಿದ ಮುಚ್ಚಳದ ಮೇಲೆ ಸಾವಿರ ಗೀರು ಇರುತ್ತವೆ. ಆ ಗೀರುಗಳು ಅಂಕಿಯ ಅಂಚನ್ನು ದಾಟಿ ಹೋಗಬೇಕು, ಅಂಚು ಅಲ್ಲಲ್ಲಿ ಸವೆದು ಮೊಂಡಾಗಿರಬೇಕು, ಅಂಕಿಯ ತಳದಲ್ಲಿ ಹಳೆಯ ಕೊಳೆ ಕೂತಿರಬೇಕು. ಗೀರು ಅಂಕಿಯ ಹತ್ತಿರ ಬಂದು ಕತ್ತರಿಸಿದ ಹಾಗೆ ನಿಂತು ಆಚೆ ಕಡೆ ಮತ್ತೆ ಶುರುವಾಗಿ, ನಡುವೆ ಅಂಕಿಯ ಅಂಚು ಮಾತ್ರ ಹೊಸದಾಗಿ ಹರಿತವಾಗಿದ್ದರೆ, ಗೀರು ಮೊದಲು ಬಂತು, ಅಂಕಿ ಆಮೇಲೆ ಬಂತು. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಎಲ್ಲ ಅಂಕಿಯ ಆಳವೂ ಒಂದೇ ಸಮ ಇದ್ದು, ತಳ ನುಣ್ಣಗೆ ಹೊಳೆಯುತ್ತಿದ್ದರೆ ಅದು ಇತ್ತೀಚಿನ ಲೇಸರ್ ಕೆಲಸ ಇರಬಹುದು. ಅಕ್ಷರದ ಆಕಾರವನ್ನು ದೊಡ್ಡ ಹರಾಜು ಸಂಸ್ಥೆಗಳು ಮಾರಿದ ವಾಚುಗಳ ಫೋಟೊ ಜೊತೆ ಹೋಲಿಸಿ. 7ರ ಕಾಲು, 9ರ ಬಾಲ, ಬಾಣದ ಎರಡು ಕೈಗಳ ಕೋನ, ಇವೆಲ್ಲ ಒಂದು ಸರ್ಕಾರಿ ಆರ್ಡರಿನ ವಾಚುಗಳಲ್ಲಿ ಒಂದೇ ಥರ ಇರುತ್ತವೆ.

ಎರಡನೆಯದು ಬೆಲ್ಟ್ ಕಂಬಿ. ಅಂಗಡಿ ವಾಚಿನಲ್ಲಿ ಸ್ಪ್ರಿಂಗ್ ಕಂಬಿ ಇರುತ್ತದೆ, ಒತ್ತಿದರೆ ಬರುತ್ತದೆ. ನೀರಿನಡಿ ಅದು ಕಳಚಿದರೆ ವಾಚು ಹೋಯಿತು. ಅದಕ್ಕೆ ಬ್ರಿಟಿಷರು ಗಟ್ಟಿ ಕಂಬಿಯನ್ನೇ ಬೆಸೆಯಿಸಿದರು. ಅದರ ಮೇಲೆ ನೈಲಾನ್ ಪಟ್ಟಿಯನ್ನು ವಾಚಿನ ಕೆಳಗಿಂದ ತೂರಿಸಿ ಕಟ್ಟುವುದು. ಇವತ್ತು ನೇಟೊ ಬೆಲ್ಟ್ ಎಂದು ಎಲ್ಲ ಕಡೆ ಸಿಗುವ ಪಟ್ಟಿಯ ಮೂಲ ಇದೇ. 1973ರ ಬ್ರಿಟಿಷ್ ರಕ್ಷಣಾ ನಿಯಮದಲ್ಲಿ ಅದರ ಅಗಲ 20 ಮಿಲಿಮೀಟರ್. ಅದನ್ನು ಪಡೆಯಲು ತುಂಬಬೇಕಿದ್ದ ಫಾರಮ್ಮಿನ ಹೆಸರಿನಿಂದ ಜಿ10 ಎಂದೂ ಕರೆಯುತ್ತಾರೆ. ಕಂಬಿ ಹೊಸದಾಗಿ ಬೆಸೆದದ್ದೋ, ಹಳೆಯದೋ ಅಂತ ಲೂಪಿನಲ್ಲಿ ನೋಡಿ. ಎಷ್ಟೋ ಅಸಲಿ ವಾಚುಗಳಲ್ಲಿ ಆಮೇಲಿನ ಮಾಲೀಕರು ಸ್ಟೀಲ್ ಚೈನು ಹಾಕಲೆಂದು ಕಂಬಿ ಕಿತ್ತಿದ್ದಾರೆ. ಆಗ ಕೊಂಬಿನ, ಅಂದರೆ ಬೆಲ್ಟ್ ಹಾಕಲು ಕೇಸಿನಿಂದ ಚಾಚಿರುವ ತುದಿಯ, ಒಳಮೈಯಲ್ಲಿ ಅದರ ಗುರುತು ಉಳಿದಿರುತ್ತದೆ. ಆ ಗುರುತು ನೋಡಿದರೆ ನನಗೆ ಹೊಸ ಕಂಬಿಗಿಂತ ಜಾಸ್ತಿ ನಂಬಿಕೆ ಬರುತ್ತದೆ.

ಮೂರನೆಯದು ಡಯಲ್. 12ರ ಜಾಗದಲ್ಲಿ ದೊಡ್ಡ ತ್ರಿಕೋನ, ಇಂಗ್ಲಿಷ್ ಟಿ ಅಕ್ಷರದ ಸುತ್ತ ಒಂದು ವೃತ್ತ. ವೃತ್ತದ ಟಿ ಅಂದರೆ ಟ್ರಿಟಿಯಂ. ಕೊಠಡಿಯ ದೀಪ ಆರಿಸಿ ಯುವಿ ಟಾರ್ಚು ಬಿಡಿ. ಹಳೆಯ ಟ್ರಿಟಿಯಂ ಬಣ್ಣ ಬೆಳಕು ಬಿದ್ದಾಗ ಸ್ವಲ್ಪ ಮಿನುಗಿ, ಟಾರ್ಚು ಆರಿಸಿದ ಕೂಡಲೇ ಅಥವಾ ಕೆಲವೇ ಕ್ಷಣದಲ್ಲಿ ಸಾಯುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಲೇ ಇದ್ದರೆ ಅದು 1990ರ ದಶಕದ ನಂತರದ ಬಣ್ಣ. ಮುಳ್ಳು ಮತ್ತು ಡಯಲ್ ಎರಡೂ ಒಂದೇ ರೀತಿ ನಡೆದುಕೊಳ್ಳುತ್ತವೆಯೇ ನೋಡಿ. ಡಯಲ್ ಸತ್ತಿದ್ದು ಮುಳ್ಳು ಹೊಳೆದರೆ ಮುಳ್ಳು ಬದಲಾಗಿದೆ.

ಗೈಗರ್ ಕೌಂಟರ್ ಇನ್ನೊಂದು ಸಾಕ್ಷಿ. ಟ್ರಿಟಿಯಂನ ಕಿರಣ ತೀರಾ ದುರ್ಬಲ, ವಾಚಿನ ಗಾಜನ್ನೇ ದಾಟುವುದಿಲ್ಲ. ಹಾಗಾಗಿ ಟ್ರಿಟಿಯಂ ವಾಚಿನ ಮುಂದೆ ಕೌಂಟರ್ ಸುಮ್ಮನಿರುತ್ತದೆ. ರೇಡಿಯಂ ಆದರೆ ಟಕಟಕ ಶುರು. ವೃತ್ತದ ಟಿ ಇರುವ ಡಯಲಿನ ಮುಂದೆ ಕೌಂಟರ್ ಕೂಗಿದರೆ ಡಯಲೋ ಮುಳ್ಳೋ ಬೇರೆ ವಾಚಿನದು, ಅಥವಾ ಆ ಟಿ ಆಮೇಲೆ ಬರೆದದ್ದು. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅರ್ಧ ಪಾಲು ಕ್ಷಯವಾಗಲು ಬೇಕಾದ ಕಾಲ, 12.3 ವರ್ಷ. 1970ರ ವಾಚಿನಲ್ಲಿ ಈಗ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ರೇಡಿಯಂಗೆ 1600 ವರ್ಷ. ರಾತ್ರಿ ಹೊಳೆಯುವುದು ನಿಂತಿದ್ದರೂ, ಅದು ಬಣ್ಣದೊಳಗೆ ಬೆಳಕು ಕೊಡುವ ಜಿಂಕ್ ಸಲ್ಫೈಡ್ ಸವೆದದ್ದರಿಂದಲೇ ಹೊರತು ರೇಡಿಯಂ ಖಾಲಿಯಾಗಿ ಅಲ್ಲ.

ನಾಲ್ಕನೆಯದು ಒಳಗಿನ ಯಂತ್ರ. ಮುಚ್ಚಳ ತೆಗೆಯುವುದನ್ನು ಅನುಭವ ಇರುವ ವಾಚ್ ರಿಪೇರಿಯವರಿಗೇ ಬಿಡಿ. ಈ ಒಮೆಗಾದಲ್ಲಿ ಕ್ಯಾಲಿಬರ್ 552 ಎಂಬ ಮಾದರಿಯ ಯಂತ್ರ ಇರಬೇಕು, ಮುಚ್ಚಳದ ಒಳಗೆ 165.024 ಎಂದಿರಬೇಕು. ಯಂತ್ರದ ಮೇಲಿನ ಸೀರಿಯಲ್ ನಂಬರ್ ಎರಡೂವರೆ ಕೋಟಿಯ ಆಸುಪಾಸು ಇದ್ದರೆ ಸುಮಾರು 1967. ಹಿಂಬದಿ ಕೆತ್ತನೆಯೂ 67 ಅಂದರೆ ಹೊಂದುತ್ತದೆ. ಯಂತ್ರಕ್ಕಿಂತ ಕೆತ್ತನೆಯ ವರ್ಷ ಹಳೆಯದಾಗಿದ್ದರೆ ಏನೋ ತಪ್ಪಿದೆ.

ರೋಲೆಕ್ಸ್ ಮಿಲ್‌ಸಬ್ ಆದರೆ ಇನ್ನೂ ಹುಷಾರಾಗಿರಿ. 5513 ಅಥವಾ 5517 ನಂಬರ್, ಕತ್ತಿಯಾಕಾರದ ಅಗಲ ಮುಳ್ಳು, ವೃತ್ತದ ಟಿ, ಬೆಸೆದ ಕಂಬಿ, ಬೆಜೆಲ್ ಮೇಲೆ ಪೂರ್ತಿ 60 ನಿಮಿಷಕ್ಕೂ ಗೆರೆ. ಅಂಗಡಿಯ 5513ರಲ್ಲಿ ಗೆರೆ ಮೊದಲ 15 ನಿಮಿಷಕ್ಕೆ ಮಾತ್ರ. ಹರಾಜಿನಲ್ಲಿ ಲಕ್ಷ ಡಾಲರ್ ದಾಟುವ ವಾಚಿದು. ಇದನ್ನು ಆನ್‌ಲೈನಿನಲ್ಲಿ ಫೋಟೊ ನೋಡಿ ಕೊಳ್ಳುವ ಮಾತೇ ಬೇಡ.

ಒಂದು ಮಾತು ಮಾತ್ರ ನೆನಪಿರಲಿ. ಸೇವೆಯಲ್ಲಿದ್ದ ವಾಚನ್ನು ಸೈನ್ಯದ ಕಾರ್ಯಾಗಾರ ಮತ್ತೆ ಮತ್ತೆ ಬಿಚ್ಚಿದೆ. ಗಾಜು, ಕೀ, ಬೆಜೆಲ್, ಕೆಲವೊಮ್ಮೆ ಡಯಲ್ ಕೂಡ ಬದಲಾಗಿರುತ್ತದೆ. ಅಲ್ಲಿ ಕೂತವನಿಗೆ ಬೇಕಿದ್ದದ್ದು ನಡೆಯುವ ವಾಚು, ಮುಂದೆ ನಾವು ಸಂಗ್ರಹಿಸುತ್ತೇವೆ ಅಂತ ಅವನು ಯೋಚಿಸಿರಲಿಲ್ಲ. ಅದೇ ಕಾಲದ ಸೈನ್ಯದ ಭಾಗ ಬದಲಾಗಿದ್ದರೆ ಅದನ್ನು ದೋಷ ಅನ್ನಬೇಡಿ, ಅದು ಆ ವಾಚಿನ ಸೇವೆಯ ದಾಖಲೆ. ಕಳೆದ ವರ್ಷ ಯಾರೋ ಹಾಕಿದ ಭಾಗ ಆದರೆ ಬೇರೆ ಮಾತು.

ಕಾಗದ ಹುಡುಕುವುದು

ಈ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ವಾಚು ಕೊಳ್ಳುವಾಗ ಮೊದಲ ಪ್ರಶ್ನೆ: ಇದು ನಿಮಗೆ ಯಾರಿಂದ ಬಂತು? ಅವರಿಗೆ ಯಾರಿಂದ? ಸೈನಿಕನ ಕುಟುಂಬದಿಂದ ಬಂದಿದ್ದರೆ ಅವರ ಸೇವಾ ಪುಸ್ತಕ, ಮುಳುಗಿದ ದಿನಚರಿ, ವಾಚು ಕಟ್ಟಿದ ಕೈ ಕಾಣುವ ಫೋಟೊ, ಏನಿದ್ದರೂ ಕೇಳಿ. ವಾಚಿನ ಜೊತೆಗೇ ಅವನ್ನೂ ಕೊಳ್ಳಿ. ವಾಚು ಒಂದು ಕಡೆ, ಫೋಟೊ ಇನ್ನೊಂದು ಕಡೆ ಹೋದರೆ ಮತ್ತೆ ಸೇರಿಸುವುದು ಅಸಾಧ್ಯ. ಕುಟುಂಬದವರ ಮಾತನ್ನು ಬರೆದಿಟ್ಟುಕೊಳ್ಳಿ, ಆದರೆ ಪರೀಕ್ಷಿಸದೆ ಒಪ್ಪಬೇಡಿ. ತಾತ ಕಮಾಂಡೊ ಆಗಿದ್ದರು ಅನ್ನುವ ಮಾತು ಪ್ರತಿ ತಲೆಮಾರಿಗೂ ಸ್ವಲ್ಪ ಬೆಳೆಯುತ್ತದೆ.

ಬ್ರಿಟನ್ ಕಡೆ ಹುಡುಕುವವರಿಗೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಇದೆ. ನೌಕಾ ಇಲಾಖೆಯ ಕಡತಗಳ ಹೆಸರು ಎಡಿಎಂ ಅಕ್ಷರಗಳಿಂದ, ರಕ್ಷಣಾ ಇಲಾಖೆಯವು ಡಿಇಎಫ್ಇ ಎಂದು ಶುರುವಾಗುತ್ತವೆ. ಸೂಚಿಯನ್ನು ಮನೆಯಲ್ಲಿ ಕೂತೇ ಹುಡುಕಬಹುದು. ಅಧಿಕಾರಿಗಳ ಬಡ್ತಿ, ಪದಕಗಳಿಗೆ ಲಂಡನ್ ಗೆಜೆಟ್ ನೋಡಿ, ಅದು ಉಚಿತ. ಹಳೆಯ ಫೋಟೊಗಳಿಗೆ ಇಂಪೀರಿಯಲ್ ವಾರ್ ಮ್ಯೂಸಿಯಂ. ಫ್ರಾನ್ಸ್‌ನ ಸೈನಿಕ ದಾಖಲೆಗಳ ಕೇಂದ್ರ ಪ್ಯಾರಿಸ್ ಪಕ್ಕದ ವಾಂಸೆನ್‌ನಲ್ಲಿದೆ. ಫೋಟೊ, ಚಲನಚಿತ್ರಗಳನ್ನು ಇಸಿಪಿಎಡಿ ಎಂಬ ಸಂಸ್ಥೆ ಕಾಪಾಡುತ್ತದೆ. ಅಮೆರಿಕದ ಮಿಲ್ ನಿಯಮಾವಳಿಗಳಲ್ಲಿ ಎಷ್ಟೋ ಈಗ ಆನ್‌ಲೈನಿನಲ್ಲೇ ಓದಲು ಸಿಗುತ್ತವೆ. ಬೆನ್ರಸ್ ಕೊಳ್ಳುವ ಮುಂಚೆ 50717 ಪೂರ್ತಿ ಓದಿ. ಡಯಲ್ ಹೇಗಿರಬೇಕು, ಹಿಂಬದಿಯಲ್ಲಿ ಏನೇನು ಇರಬೇಕು ಎಲ್ಲ ಅದರಲ್ಲಿದೆ. ಮಾರುವವನಿಗಿಂತ ನಿಮಗೇ ಜಾಸ್ತಿ ಗೊತ್ತಾಗುತ್ತದೆ.

ಹುಡುಕುವಾಗ ವಾಚಿನ ಬ್ರಾಂಡ್ ಹೆಸರು ಹಾಕಿದರೆ ಏನೂ ಸಿಗದಿರಬಹುದು. ಆಗ ಸಾಮಾನಿನ ನಂಬರ್ ಹಾಕಿ, 'ಮುಳುಗುಗಾರರ ಉಪಕರಣ' ಎಂಬರ್ಥದ ಇಂಗ್ಲಿಷ್, ಫ್ರೆಂಚ್ ಪದ ಹಾಕಿ, ಹಡಗಿನ ಹೆಸರು, ಘಟಕದ ಹೆಸರು ಹಾಕಿ. ಕಡತ ಬರೆದವನು ಗುಮಾಸ್ತ. ಅವನು ಯಾವ ಪದ ಬಳಸಿರಬಹುದು ಅಂತ ಯೋಚಿಸಿ.

ಕಂಪನಿಗಳ ಕಡತದ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ರೋಲೆಕ್ಸ್ ಹಳೆಯ ವಾಚಿನ ಮಾಹಿತಿ ಹೊರಗೆ ಕೊಡುವುದಿಲ್ಲ. ಒಮೆಗಾ ಬಹಳ ಕಾಲ ತನ್ನ ದಾಖಲೆಯ ಸಾರವನ್ನು ಬರೆದು ಕೊಡುತ್ತಿತ್ತು. ಯಂತ್ರದ ನಂಬರ್ ಕೊಟ್ಟರೆ ಯಾವಾಗ ತಯಾರಾಯಿತು, ಯಾವ ದೇಶಕ್ಕೆ ಹೋಯಿತು ಎಂದು ತಿಳಿಯುತ್ತಿತ್ತು. ಅದು ಒಳ್ಳೆಯ ಸಾಕ್ಷಿ, ಆದರೆ ಆ ಯಂತ್ರದ ಬಗ್ಗೆ ಮಾತ್ರ. ಅದೇ ಯಂತ್ರದ ಸುತ್ತ ಬೇರೆ ಕೇಸು, ಬೇರೆ ಡಯಲ್ ಕೂರಿಸಿದರೆ ಕಾಗದ ಏನೂ ಹೇಳುವುದಿಲ್ಲ. ಇದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಡೈವಿಂಗ್ ವಾಚಲ್ಲದ ಒಂದು ಪ್ರಕರಣವನ್ನೇ ಹೇಳಬೇಕು. 2021ರ ನವೆಂಬರಿನಲ್ಲಿ ಜಿನೀವಾ ಹರಾಜಿನಲ್ಲಿ ಒಂದು 1957ರ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ. ಅದು ಬೇರೆ ಬೇರೆ ಭಾಗ ಸೇರಿಸಿ ಕಟ್ಟಿದ ವಾಚು, ತನ್ನಲ್ಲೇ ಹಿಂದೆ ಕೆಲಸ ಮಾಡಿದವರು ಅದರಲ್ಲಿದ್ದರು ಎಂದು 2023ರಲ್ಲಿ ಕಂಪನಿ ಹೇಳಿತು. ಅಷ್ಟು ತಿಳಿದವರ ಕೈಯಲ್ಲೇ ಹೀಗಾದ ಮೇಲೆ ಒಂದು ಕಾಗದ ಇದೆ ಅಂತ ನಾವು ಕಣ್ಣು ಮುಚ್ಚಿಕೊಳ್ಳುವ ಹಾಗಿಲ್ಲ.

ಎಲ್ಲಿಂದ ಶುರು ಮಾಡುವುದು

ನನ್ನನ್ನು ಕೇಳಿದರೆ ಸಿಡಬ್ಲ್ಯುಸಿ. ಹ್ಯಾಮಿಲ್ಟನ್ ಕಂಪನಿಯ ಬ್ರಿಟಿಷ್ ಶಾಖೆ ನೋಡಿಕೊಳ್ಳುತ್ತಿದ್ದ ರೇ ಮೆಲ್ಲರ್ 1972ರಲ್ಲಿ ಕಟ್ಟಿದ ಕಂಪನಿ. 1980ರ ಹೊತ್ತಿಗೆ ರೋಲೆಕ್ಸ್ ಜಾಗಕ್ಕೆ ಇವರ ಆಟೊಮ್ಯಾಟಿಕ್ ಮುಳುಗು ವಾಚು ಬಂತು, 1983ರಿಂದ ಕ್ವಾರ್ಟ್ಜ್, ಅಂದರೆ ಬ್ಯಾಟರಿಯದು. ಬೆಸೆದ ಕಂಬಿ, ವೃತ್ತದ ಟಿ, ಬಾಣ, ಸಾಮಾನು ನಂಬರ್, ವರ್ಷ ಎಲ್ಲವೂ ಇದೆ. ಮಿಲ್‌ಸಬ್ ಮೇಲೆ ಕಲಿಯಬೇಕಾದ ಪಾಠ ಎಲ್ಲ ಇದರ ಮೇಲೆ ಕಲಿಯಬಹುದು, ಮಿಲ್‌ಸಬ್ ಬೆಲೆಯ ಒಂದು ಸಣ್ಣ ಪಾಲಿನಲ್ಲಿ. ಕ್ವಾರ್ಟ್ಜ್ ಅಂತ ಮೂಗು ಮುರಿಯಬೇಡಿ. ನಿಜವಾಗಿ ನೀರಿಗಿಳಿದ ವಾಚು ಅದು. ಆದರೆ ಇದೇ ಕಂಪನಿ ಇವತ್ತಿಗೂ ಅದೇ ರೂಪದ ವಾಚನ್ನು ಸಾರ್ವಜನಿಕರಿಗೆ ಮಾರುತ್ತದೆ. ಹಾಗಾಗಿ ಹಿಂಬದಿ ವರ್ಷ, ಡಯಲಿನ ಟಿ, ಹೊಳಪಿನ ಬಣ್ಣ ಹೊಂದುತ್ತವೆಯೇ ಅನ್ನೋದನ್ನು ಇಲ್ಲೂ ನೋಡಲೇಬೇಕು.

ಬೆಂಗಳೂರಿನ ಸಂಡೇ ಬಜಾರಿನಲ್ಲೋ ಮುಂಬೈ ಚೋರ್ ಬಜಾರಿನಲ್ಲೋ ಇಂಥದ್ದು ಸಿಗುತ್ತದೆ ಎಂಬ ನಿರೀಕ್ಷೆ ಬೇಡ. ಅಲ್ಲಿ ಸಿಗುವುದು ಎಚ್‌ಎಂಟಿ, ಫಾವ್ರೆ-ಲೂಬಾ, ವೆಸ್ಟ್ ಎಂಡ್, ಸೀಕೋ 5. ಅವುಗಳಲ್ಲೂ ಎಷ್ಟೋ ಡಯಲ್‌ಗಳಿಗೆ ಹೊಸ ಬಣ್ಣ ಬಳಿದು ಬರೆದಿರುತ್ತಾರೆ. ಹೊರದೇಶದ ಸಂಗ್ರಾಹಕರು ಇದಕ್ಕೆ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ಎಚ್‌ಎಂಟಿ ಜವಾನ್ ಡಯಲ್ ಅಂತೂ ಬೇಕಾದ ಬಣ್ಣದಲ್ಲಿ ಸಿಗುತ್ತದೆ. ಕಣ್ಣು ಪಳಗಿಸಲು ಇದು ಒಳ್ಳೆಯ ಜಾಗ. ಮೊದಲು ಅಲ್ಲಿ ಹೋಗಿ, ಲೂಪ್ ಹಿಡಿದು ಕೈಯಿಂದ ಬರೆದ ಅಕ್ಷರದ ಅಂಚು, ಕಾರ್ಖಾನೆಯ ಅಕ್ಷರದ ಅಂಚು ಎರಡನ್ನೂ ಪಕ್ಕಪಕ್ಕ ನೋಡಿ ಕಲಿಯಿರಿ.

ಹೊರಗಿನಿಂದ ತರಿಸುವುದಾದರೆ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ವಿಮೆ, ಸಾಗಾಟ ಎಲ್ಲ ಸೇರಿಸಿಯೇ ಲೆಕ್ಕ ಹಾಕಿ. ರೇಡಿಯಂ ಇರುವ ವಾಚಾದರೆ ಕಳಿಸಲು, ತರಿಸಲು ಏನು ನಿಯಮ ಇದೆ ಅಂತ ಮೊದಲೇ ವಿಚಾರಿಸಿ. ಮಾರುವವನಿಂದ ಯಂತ್ರದ, ಮುಚ್ಚಳದ ಒಳಭಾಗದ, ಕೊಂಬುಗಳ ನಡುವಿನ ಫೋಟೊ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ಮನೆಗೆ ತಂದ ಮೇಲೆ

ರೇಡಿಯಂ ವಾಚನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅಂಕಿಯ ಬಣ್ಣ ಪುಡಿಯಾಗಿ ಉದುರುತ್ತಿರುತ್ತದೆ. ಮೈ ಹೊರಗಿದ್ದರೆ ಅದರ ಅಪಾಯ ಕಡಿಮೆ, ಉಸಿರಿನ ಜೊತೆ ಒಳಗೆ ಹೋದರೆ ಜಾಸ್ತಿ. ರೇಡಿಯಂನಿಂದ ರೇಡಾನ್ ಅನಿಲ ಹೊರಡುತ್ತದೆ, ಹಾಗಾಗಿ ಮಲಗುವ ಕೋಣೆಯ ಮುಚ್ಚಿದ ಬೀರುವಿನಲ್ಲಿ ಇಡಬೇಡಿ. ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ರಿಪೇರಿಗೆ ಕೊಡುವಾಗ ಒಳಗೆ ರೇಡಿಯಂ ಇದೆ ಎಂದು ರಿಪೇರಿಯವರಿಗೆ ಮೊದಲೇ ಹೇಳಿ. ಹೇಳದೆ ಕೊಡುವುದು ಅವರಿಗೆ ಮಾಡುವ ದ್ರೋಹ.

ಡಯಲ್ ಮೇಲೆ 200 ಮೀಟರ್ ಎಂದು ಬರೆದಿದೆ ಅಂತ ಹಳೆಯ ವಾಚು ಕಟ್ಟಿಕೊಂಡು ಈಜಬೇಡಿ. ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಸರ್ವಿಸಿಗೆ ಕೊಡುವಾಗ ಚೀಟಿಯಲ್ಲಿ ಬರೆದುಕೊಡಿ: ಪಾಲಿಶ್ ಮಾಡಬಾರದು, ಡಯಲ್ ಮುಳ್ಳು ಮುಟ್ಟಬಾರದು, ತೆಗೆದ ಪ್ರತಿ ಭಾಗವನ್ನೂ ವಾಪಸ್ ಕೊಡಬೇಕು. ಒಂದು ಸಲ ಪಾಲಿಶ್ ಚಕ್ರಕ್ಕೆ ಹಿಡಿದರೆ ಕೇಸಿನ ಅಂಚೂ ಕೆತ್ತನೆಯ ಆಳವೂ ಹೋಯಿತು, ಮತ್ತೆ ಬರುವುದಿಲ್ಲ.

ಪ್ರತಿ ವಾಚಿಗೂ ಒಂದು ಫೈಲು ಮಾಡಿ. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡಿರಿ, ಅವರು ಏನು ಹೇಳಿದರು, ಯಾವ ನಂಬರ್ ಎಲ್ಲಿದೆ, ಯುವಿ ಬೆಳಕಿನಲ್ಲಿ ಹೇಗೆ ಕಂಡಿತು, ಯಾವ ಕಡತದಲ್ಲಿ ಏನು ಸಿಕ್ಕಿತು, ಹುಡುಕಿಯೂ ಏನು ಸಿಗಲಿಲ್ಲ, ಎಲ್ಲ ಬರೆಯಿರಿ. ಊಹೆಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಮುಂದೊಂದು ದಿನ ವಾಚು ಇನ್ನೊಬ್ಬರ ಕೈಗೆ ಹೋಗುವಾಗ ಈ ಫೈಲೂ ಅದರ ಜೊತೆಗೇ ಹೋಗಲಿ.